ಹುಳದ ಹಿಂಡಿ

ಹಸುವಿನ ಹಿಂಡಿಯ ಖಾಲಿ ಚೀಲವನ್ನು ಒಗೆದು ಬೇಲಿಯ ಮೇಲೆ ಒಣಹಾಕಿದ್ದು ಹಾಲಿನವನ ಹೆಂಡತಿ. ಅದರ ಮೇಲೆ ಹೆಬ್ಬೆರಳು ಗಾತ್ರದ ಹುಳದ ಚಿತ್ರ, ಕೆಳಗೆ 'ಹುಳದ ಹಿಂಡಿ' ಎಂಬ ಬರಹ. ವಾಕಿಂಗ್ ಹೊರಟಿದ್ದ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಮೇಷ್ಟ್ರ ಕಣ್ಣಿಗೆ ಬಿದ್ದರೆ ಬೀದಿಗೆಲ್ಲ ಡಂಗುರ ಸಾರಿದ ಹಾಗೆ.

ಹಾಲಿನವನು ಕ್ಯಾನು ಹೊತ್ತು ಟೀ ಅಂಗಡಿ ಮುಟ್ಟುವಷ್ಟರಲ್ಲಿ ಸುದ್ದಿ ಅಲ್ಲಿ ಬಂದು ಕೂತಿತ್ತು.

"ಹಾಲು ಬೇಡಪ್ಪ," ಅಂದ ಅಂಗಡಿಯವನು. "ಹಸೂಗೆ ಹುಳ ತಿನ್ನಿಸ್ತೀಯಂತೆ."

"ಹುಳ ಅಲ್ಲ ಕಣಯ್ಯಾ, ಹುಳ ಒಣಗಿಸಿ ಬೀಸಿದ ಪುಡಿ! ಹಿಂಡಿಗೆ ಬೆರೆಸಿರ್ತಾರೆ. ಹಾಲಿಗೆ ಒಳ್ಳೇದು. ನನ್ನ ಬಾಮೈದ ಆ ಫ್ಯಾಕ್ಟರೀಲೇ ಇರೋದು, ಅವನೇ ತಂದುಕೊಟ್ಟ."

"ಬಾಮೈದನ ಮಾತು ಕೇಳಿ ಉದ್ಧಾರ ಆದೋರು ಯಾರಿದ್ದಾರೆ?"

ಹಾಲಿನವನ ಮೈಯೆಲ್ಲ ಉರಿದುಹೋಯಿತು. ಬೀದಿಯವರು ಅವನನ್ನು ಸಿಡುಕಣ್ಣ ಅಂತ ಸುಮ್ಮನೆ ಕರೆಯುತ್ತಿರಲಿಲ್ಲ. ಅರ್ಧಕ್ಕರ್ಧ ಹಾಲು ಹೋಗುತ್ತಿದ್ದದ್ದು ಈ ಅಂಗಡಿಗೇ. ಇದು ತಪ್ಪಿದರೆ ಹಸು ಮಾರುವುದೊಂದೇ ದಾರಿ.

ಮನೆಮನೆಯಲ್ಲೂ ಅದೇ ರಾಗ. ದರ್ಜಿ ತನ್ನ ಕೆಮ್ಮನ್ನೂ ಹಾಲಿನ ತಲೆಗೆ ಕಟ್ಟಿದ. ಅವನ ಹೆಂಡತಿ, "ಹಾಲು ಕಾಸುವಾಗ ಮೇಲೆ ಏನೋ ಅಲ್ಲಾಡಿದಂಗಾಯ್ತು," ಅಂದಳು.

"ಅದು ಕೆನೆ ಕಣಮ್ಮಾ, ಕೆನೆ!" ಎಂದು ಅರಚಿದ ಸಿಡುಕಣ್ಣ. ಇಷ್ಟು ವರ್ಷ ಕೆನೆಯನ್ನೇ ನೋಡಿರದವರ ಹಾಗೆ ಮಾತಾಡುತ್ತಾರಲ್ಲ, ಥೂ!

ಸಂಜೆ ಮೇಷ್ಟ್ರು ಬೀದಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಅವನ ಅಂಗಳಕ್ಕೆ ಬಂದರು. "ನೋಡಪ್ಪಾ, ಈ ಹುಳದ ವ್ಯವಹಾರ..."

"ಕೋಳಿ ಏನು ತಿನ್ನುತ್ತೆ ಮೇಷ್ಟ್ರೇ? ಬಿಸ್ಕತ್ತಾ? ಮೊಟ್ಟೆ ಮಾತ್ರ ಚಪ್ಪರಿಸಿ ತಿಂತೀರಲ್ಲ!" ಸಿಡುಕಣ್ಣ ಕೊಟ್ಟಿಗೆಗೆ ನುಗ್ಗಿ, ಉಳಿದಿದ್ದ ಇನ್ನೊಂದು ಚೀಲವನ್ನು ಎಳೆತಂದು, ಅದರ ಬಾಯಿ ಹರಿದು, ಒಂದು ಹಿಡಿ ಹಿಂಡಿಯನ್ನು ಬಾಯಿಗೆ ತುಂಬಿಕೊಂಡ. ಮರದ ಹೊಟ್ಟು ಅಗಿದಂತಿತ್ತು. ಕಣ್ಣಲ್ಲಿ ನೀರು ಬಂತು. ಹಟಕ್ಕೆ ಬಿದ್ದು ನುಂಗಿದ. "ಸತ್ನಾ? ಹೇಳಿ, ಸತ್ನಾ ನಾನು?"

ಟೀ ಅಂಗಡಿಯವನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, "ಪರವಾಗಿಲ್ವೇ!" ಅಂದ. ಮೇಷ್ಟ್ರೂ ರುಚಿ ನೋಡಿ ಗಂಟಲು ಸರಿಮಾಡಿಕೊಂಡರು.

"ಪ್ರೋಟೀನು! ಶುದ್ಧ ಪ್ರೋಟೀನು! ನಾನು ಬೆಳಗ್ಗೆಯಿಂದ ಇದನ್ನೇ ಹೇಳ್ತಿದ್ದೆ."

"ನಾಳೆಯಿಂದ ಎರಡರಷ್ಟು ಹಾಲು ತಗೋತೀನಿ," ಅಂದ ಅಂಗಡಿಯವನು. "ಆದ್ರೆ ಈ ಹಿಂಡಿ ತಿಂದ ಹಸೂದೇ ಆಗ್ಬೇಕು. ಬೇರೆ ಹಾಕಿ ಮೋಸ ಮಾಡಿದ್ಯೋ, ಅಂಗಡಿ ಮೆಟ್ಟಿಲು ಹತ್ತಬೇಡ."

"ಬೆಳಗ್ಗೆ ನಾನೇ ನಿಂತು ನೋಡ್ತೀನಿ," ಎಂದರು ಮೇಷ್ಟ್ರು.

ಜನ ಕರಗಿದ ಮೇಲೆ ಸಿಡುಕಣ್ಣ ಎದೆಯುಬ್ಬಿಸಿ ತಿರುಗಿದ. ಹೆಂಡತಿ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

"ಏನು ನಗ್ತೀಯಾ? ಹೋಗು, ಹಸೂಗೆ ಒಂದು ಬುಟ್ಟಿ ಹಾಕು."

"ಅದು ಮೂಸಿಯೂ ನೋಡಲ್ಲ ರೀ. ಹೋದ ಚೀಲಾನೂ ಮುಟ್ಟಲಿಲ್ಲ. ಅಷ್ಟನ್ನೂ ಕೋಳಿಗೆ ಸುರಿದೆ. ಹಸು ತಿಂತಿರೋದು ಅದೇ ಹಳೇ ಕಡಲೆಕಾಯಿ ಹಿಂಡಿ."

"ಅಯ್ಯೋ ಮಾರಾಯ್ತಿ! ಮೊದಲೇ ಹೇಳೋಕೆ ಏನಾಗಿತ್ತು ರೋಗ?"

"ಹೇಳಿದ್ರೆ ನನ್ನ ತಮ್ಮನ ಮೇಲೆ ಹಾರಾಡ್ತಿದ್ರಿ."

ಸಿಡುಕಣ್ಣ ಬುಟ್ಟಿ ತುಂಬಿಕೊಂಡು ಓಡಿ ಹಸುವಿನ ಮೂತಿಗೆ ಹಿಡಿದ. ಬೈದ, ಬೇಡಿಕೊಂಡ. ಹಸು ಒಮ್ಮೆ ಬುಸ್ಸೆಂದಿತು. ಪುಡಿಯೆಲ್ಲ ಅವನ ಮುಖಕ್ಕೆ. ಆಮೇಲೆ ಅದು ನಿಧಾನವಾಗಿ ಬಾಲ ತಿರುಗಿಸಿ ನಿಂತಿತು.

ಹೆಂಡತಿ ಹಾಲು ಕರೆಯುವ ಚೊಂಬನ್ನು ತಂದು ಅವನ ಕೈಗೇ ಕೊಟ್ಟಳು.

"ಬೀದಿ ಮುಂದೆ ತಿಂದಿದ್ದು ನೀವಲ್ವಾ? ಬೆಳಗ್ಗೆ ಮೇಷ್ಟ್ರು ಬಂದ್ರೆ ಹಾಲೂ ನೀವೇ ಕೊಡಿ."