ನೊಣದ ಮಡಿ

ಸೆಖೆಯಾದರೆ ಮನುಷ್ಯ ಗೊಣಗುತ್ತಾನೆ. ನೊಣದ ಜೀವಕೋಶ ಗೊಣಗುವುದಿಲ್ಲ, ಸುಮ್ಮನೆ ಸತ್ತುಹೋಗುತ್ತದೆ. ಇಷ್ಟು ಕಲಿಯಲು ನನಗೆ ಒಂದು ಇಡೀ ಬಾಟಲಿ ಬೇಕಾಯಿತು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ತಮಿಳು ಸೀಮೆಯ ಗಿಂಡಿಯ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಬ್ಯಾಕ್ಟೀರಿಯಾ ಜೀವಕೋಶದೊಳಗೆ ಹೇಗೆ ನುಸುಳುತ್ತದೆ ಎಂಬುದು ನನ್ನ ವಿಷಯ. ಮನುಷ್ಯನ ಕೋಶಗಳನ್ನು ಸಾಕುವುದು ದೊಡ್ಡ ರಾಮಾಯಣ. ನೊಣದವು ಕೋಣೆಯ ಉಷ್ಣಾಂಶದಲ್ಲೇ ಬೆಳೆಯುತ್ತವೆ ಎಂದು ಅವನ್ನು ಕಳಿಸಿದ ವಿದೇಶದವರು ಚೀಟಿಯಲ್ಲಿ ಬರೆದಿದ್ದರು. ನಾನು ವಿಧೇಯನಾಗಿ, ಮೇ ತಿಂಗಳಲ್ಲಿ, ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಎರಡೇ ದಿನದಲ್ಲಿ ಎಲ್ಲ ಶಿವನ ಪಾದ ಸೇರಿದವು. ನಮ್ಮ ಗೈಡ್ ಮೇಡಂ ಚೀಟಿ ಓದಿ, "ಯಾರೋಡ ರೂಮ್ಪಾ ಇದು?" ಎಂದರು, ಯಾರ ರೂಮಪ್ಪಾ ಇದು ಅಂತ. ಬರೆದವರ ರೂಮು ಇಪ್ಪತ್ತೈದು ಡಿಗ್ರಿಯದು, ನಮ್ಮದು ಮೂವತ್ತೆಂಟರದು.

ಕಾಡಿಬೇಡಿದ ಮೇಲೆ ಎರಡನೇ ಬಾಟಲಿ ಬಂತು, ಮೂರನೆಯದನ್ನು ಕೇಳಬೇಡಿ ಎಂಬ ಮಾತಿನೊಂದಿಗೆ. ನನ್ನ ಮೂರು ವರ್ಷದ ದುಡಿಮೆಯೆಲ್ಲ ಅದನ್ನೇ ನಂಬಿ ಕೂತಿತ್ತು. ಮೇಡಂ ಒಂದು ಸಣ್ಣ ಕೋಣೆಗೆ ಏಸಿ ಹಾಕಿಸಿ, ಕೀಲಿಕೈಯನ್ನು ನನ್ನೊಬ್ಬನಿಗೇ ಕೊಟ್ಟರು.

ಅದೇ ವಾರ ಮೈಸೂರಿನಿಂದ ಅಮ್ಮ ಬಂದಳು. ಮಾಧವರಂನ ನನ್ನ ಬಾಡಿಗೆ ಮನೆಯಲ್ಲಿ ಒದ್ದೆ ಟವೆಲ್ಲನ್ನು ತಲೆಗೆ ಹಾಕಿಕೊಂಡು ಕೂರುತ್ತಿದ್ದಳು.

"ಅಲ್ವೋ, ನೊಣಕ್ಕೆ ಏಸಿ, ನಂಗೆ ಬೀಸಣಿಗೆನಾ? ಒಂದ್ ಮಧ್ಯಾಹ್ನ ಅದರ ಪಕ್ಕ ಕೂತಿರ್ತೀನಿ ಕಣೋ, ಏನೂ ಮುಟ್ಟಲ್ಲ."

ಹೊರಗಿನವರು ಬಂದರೆ ಕ್ರಿಮಿ ಬರುತ್ತವೆ ಎಂದೆ. ಸ್ನಾನವಾಗದೆ ನನ್ನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡದಿದ್ದ ಹೆಂಗಸು ಅವಳು. ಒಂದೇ ಮಾತಿಗೆ ಅರ್ಥ ಮಾಡಿಕೊಂಡಳು.

"ಓ, ಮಡಿನಾ? ಹಾಗಾದ್ರೆ ಬೇಡಪ್ಪ."

ನಾಲ್ಕನೇ ದಿನ ಮೈತುಂಬ ಬೆವರುಸಾಲೆ ಹೊತ್ತು ಊರಿಗೆ ಹೊರಟುಹೋದಳು. ಅವಳನ್ನು ರೈಲು ಹತ್ತಿಸುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು, ಆದರೂ ಕೀಲಿಕೈ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಮರುದಿನ ನೀರಿನ ಲಾರಿ ಬರಲಿಲ್ಲ. ಸ್ನಾನವಿಲ್ಲದೆ, ಬಸ್ಸಿನಲ್ಲಿ ಬೆಂದು ಬಂದವನು ಗಡಿಬಿಡಿಯಲ್ಲಿ ಬಾಟಲಿಯ ಮುಚ್ಚಳ ತೆಗೆದು ಬಗ್ಗಿದೆ. ಎರಡು ದಿನಕ್ಕೆ ಬಾಟಲಿ ಅಕ್ಕಿ ತೊಳೆದ ನೀರಿನಂತಾಯಿತು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲಿನಂಥ ಬ್ಯಾಕ್ಟೀರಿಯಾ ಕಂಡವು, ಮನುಷ್ಯನ ಚರ್ಮದ ಮೇಲೆ ಸಂಸಾರ ಮಾಡುವಂಥವು. ಆ ಕೋಣೆಗೆ ಹೋಗಿದ್ದ ಮನುಷ್ಯ ನಾನೊಬ್ಬನೇ.

ಅಲ್ಲೇ ಕೂತು ಅಮ್ಮನಿಗೆ ಫೋನು ಮಾಡಿ, ಎಲ್ಲ ಸತ್ತುಹೋದವು ಎಂದೆ.

"ಸದ್ಯ, ನಾನ್ ಒಳಗ್ ಬರ್ಲಿಲ್ಲ! ಬಂದಿದ್ರೆ ನನ್ನಿಂದ್ಲೇ ಆಯ್ತು ಅಂತ ಸಾಯೋವರ್ಗೂ ಕೊರಗ್ತಿದ್ದೆ. ಯಾರಿಂದ ಆಯ್ತೋ?"

ಯಾರೋ ಸ್ನಾನ ಮಾಡದವನು ಒಳಗೆ ಹೋಗಿದ್ದನಂತೆ ಎಂದೆ.

"ಅಂಥೋರ ಕೈಗೆಲ್ಲ ಬೀಗದ ಕೈ ಕೊಡ್ತಾರಲ್ಲ!" ಎಂದು ಅಮ್ಮ ನನ್ನ ಪರವಾಗಿ ಅವನನ್ನು ಚೆನ್ನಾಗಿ ಬೈದಳು. ಇಪ್ಪತ್ತೈದು ಡಿಗ್ರಿಯಲ್ಲಿ ಕೂತು, ಬೆವರೊರೆಸಿಕೊಳ್ಳುತ್ತಾ, ಹೂಂಗುಟ್ಟಿದೆ.