ತಾನಾಗಿ ಉಸಿರಾಡುವ ಎಂಜಿನ್ನು

ಶೋಭಾರಾಣಿ: ಹಂಗಾದ್ರೆ ಆ ಟರ್ಬೊ ಅನ್ನೋದನ್ನ ಹಾಕಿಸಿ ಮುಗಿಸಿ ಅಂದ್ರೆ ಅದೂ ಬೇಡ್ವಾ?

ಗುರುಮೂರ್ತಿ: ಥೂ! ಗಾಳೀನ ಬಲವಂತವಾಗಿ ತುರುಕಿ ತೆಗೆಯೋದೂ ಒಂದು ಪವರ್ರಾ? ನನ್ನ ರೋಟರಿ ಎಂಜಿನ್ನು ತಾನಾಗಿ ಉಸಿರಾಡ್ಬೇಕು ಕಣೆ.

ಊಟಿಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಗಂಡ ಗುರುಮೂರ್ತಿ ಆ ಹಳೇ ಜಪಾನ್ ಕಾರನ್ನು ಮನೆಗೆ ತಂದ ಮೇಲೆ ಶೋಭಾರಾಣಿಗೆ ತಿಳಿದಿದ್ದು ಇಷ್ಟೇ: ಅದರ ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ಸಮೋಸದ ಆಕಾರದ ರೋಟರ್ ಗಿರಗಿರ ತಿರುಗುತ್ತದೆ, ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿಯುತ್ತದೆ. ಈಗ ಬೆಟ್ಟದ ಕೆಳಗಿನ ಮಸಿನಗುಡಿಯ ಮೆಕ್ಯಾನಿಕ್ ಸೆಲ್ವಕುಮಾರ್, ಪವರ್ ಹೆಚ್ಚಲೆಂದು, ಗಾಳಿ ಒಳಹೋಗುವ ಕಂಡಿಗಳನ್ನು ಉಜ್ಜಿ ಅಗಲ ಮಾಡಿದ್ದ. ಕಾರು ನಿಂತಲ್ಲೇ ಡಬಡಬ ಎಗರುತ್ತಿತ್ತು. ಮನೆಯೊಳಗೆ ಅತ್ತೆ ಕೆಂಪಾಜಮ್ಮ ಕೆಮ್ಮುತ್ತಿದ್ದರು.

ಶೋಭಾರಾಣಿ: ಕಂಡಿ ಅಗಲ ಮಾಡಿದ್ಮೇಲೆ ಪವರ್ ಎಲ್ಲಿ? ನಿನ್ನೆ ಏರಿನಲ್ಲಿ ಕ್ಯಾರೆಟ್ ಮೂಟೆ ಹೊತ್ತ ಆಟೋ ನಮ್ಮನ್ನ ಹಿಂದೆ ಹಾಕ್ತು.

ಸೆಲ್ವಕುಮಾರ್: ಅಕ್ಕಾ, ಇದು ಮೆಲ್ಲಗೆ ತಿರುಗುವಾಗ ಎಳೆಯಲ್ಲ. ಏಳು ಸಾವಿರ ಆರ್‌ಪಿಎಂ ದಾಟ್ಲಿ, ಆಮೇಲೆ ನೋಡಿ!

ಶೋಭಾರಾಣಿ: ದಾಟೋದ್ರೊಳಗೆ ತಿರುವು ಬರುತ್ತಲ್ಲಪ್ಪಾ.

ಸೆಲ್ವಕುಮಾರ್: ಅದೂ ಅಲ್ದೆ ಇಲ್ಲಿ ಎತ್ತರ ಜಾಸ್ತಿ, ಗಾಳಿ ತೆಳು. ಪಾಪ, ಉಸಿರು ಸಾಲಲ್ಲ. ಕೆಳಗೆ ಇಳಿಸಿದ್ರೆ ಸರಿಹೋಗುತ್ತೆ.

ಶೋಭಾರಾಣಿ: ಕೇಳಿಸ್ಕೊಂಡ್ರಾ? ಅತ್ತೆ ವಿಷಯದಲ್ಲಿ ಡಾಕ್ಟರು ಇದನ್ನೇ ಹೇಳಿದ್ದು. ಚಳಿಗಾಲಕ್ಕಾದ್ರೂ ಕೆಳಗೆ ಇಡಿ ಅಂತ.

ಗುರುಮೂರ್ತಿ: ಹುಟ್ಟಿದೂರಿನ ಗಾಳೀನೇ ಔಷಧಿ ಕಣೆ. ಬೆಚ್ಚಗೆ ಹೊದ್ದು ಮಲಗಿದ್ರೆ ಸರಿಹೋಗುತ್ತೆ.

ಎರಡು ಚಳಿಗಾಲದಿಂದ ಇದೇ ಮಾತು. ಶೋಭಾರಾಣಿ ಹಲ್ಲು ಕಚ್ಚಿದಳು. ಅಷ್ಟರಲ್ಲಿ ಗುರುಮೂರ್ತಿ ಜೇಬಿನಿಂದ ಬೀಗದ ಕೈ ತೆಗೆದು ಬಾನೆಟ್ಟಿನ ಮೇಲಿಟ್ಟ.

ಗುರುಮೂರ್ತಿ: ಮಸಿನಗುಡೀಲಿ ಮನೆ ಹಿಡಿದಿದ್ದೀನಿ.

ಶೋಭಾರಾಣಿ: ಅಯ್ಯೋ, ಹೇಳ್ಬಾರ್ದಾ! ಸುಮ್ಮನೆ ಬೈಸ್ಕೊಂಡ್ರಲ್ರೀ. ಬಿಸಿಲು ಬೀಳುತ್ತಾ?

ಗುರುಮೂರ್ತಿ: ಬೆಳಗಿಂದ ಸಂಜೆವರೆಗೆ.

ಶೋಭಾರಾಣಿ: ಧೂಳು ಆಗಲ್ಲ ಅಂದಿದ್ದಾರೆ.

ಗುರುಮೂರ್ತಿ: ಆಗಲೇಬಾರ್ದು! ಸುತ್ತ ತಗಡು ಹೊಡೆಸ್ತಿದ್ದೀನಿ.

ಶೋಭಾರಾಣಿ: ತಗಡಾ? ಇರ್ಲಿ, ಬೆಚ್ಚಗಿರುತ್ತೆ. ಬಿಸಿನೀರಿಗೆ ಗೀಸರ್ ಇದೆಯಾ?

ಗುರುಮೂರ್ತಿ: ಗೀಸರ್ ಯಾಕೆ? ಕಾರು ತೊಳೆಯೋಕೆ ತಣ್ಣೀರು ಸಾಕು.

ಶೋಭಾರಾಣಿ ಒಮ್ಮೆ ಬೀಗದ ಕೈ, ಒಮ್ಮೆ ಕಾರು ನೋಡಿದಳು.

ಶೋಭಾರಾಣಿ: ಮನೆ ಹಿಡಿದಿದ್ದು ಕಾರಿಗಾ?

ಗುರುಮೂರ್ತಿ: ಮತ್ತಿನ್ಯಾರಿಗೆ? ಶೆಡ್ಡು ಕಾರಿಗೆ, ರೂಮು ಟೂಲ್ಸಿಗೆ. ಅಲ್ಲಿ ಗಾಳಿ ದಟ್ಟ, ರಸ್ತೆ ನೇರ. ಪವರ್ ಅಂದ್ರೆ ಏನು ಅಂತ ತೋರಿಸ್ತೀನಿ!

ಶೋಭಾರಾಣಿ: ಯಾರಿಗೆ, ಜಿಂಕೆಗಾ? ಅದು ಕಾಡಿನ ರಸ್ತೆ. ಮೂವತ್ತರ ಮೇಲೆ ಓಡಿಸಿದ್ರೆ ಫಾರೆಸ್ಟ್‌ನೋರು ಹಿಡೀತಾರೆ.

ಸೆಲ್ವಕುಮಾರ್: ಈ ಸದ್ದಿಗೆ ಆನೆ ಮೊದ್ಲು ಹಿಡಿಯುತ್ತೆ ಅಕ್ಕಾ.

ಕೆಮ್ಮು ಹೊರಗೆ ಬಂತು. ಅದರ ಹಿಂದೆಯೇ ಕಂಬಳಿ ಹೊದ್ದು, ಬಟ್ಟೆಯ ಗಂಟು ಹಿಡಿದ ಕೆಂಪಾಜಮ್ಮ.

ಕೆಂಪಾಜಮ್ಮ: ಸೆಲ್ವಾ, ನಿನ್ನ ಜೀಪು ಈಗ ಊರಿಗೆ ತಾನೆ?

ಸೆಲ್ವಕುಮಾರ್: ಆಮಾ ಅಮ್ಮಾ, ಮಸಿನಗುಡಿಗೇ.

ಕೆಂಪಾಜಮ್ಮ: ಕಲ್ಲಟ್ಟಿ ಘಾಟಿ ಇಳಿಯುವಾಗ ಮೆಲ್ಲಗೆ ಹೋಗು.

ಬಾನೆಟ್ಟಿನ ಮೇಲಿನ ಬೀಗದ ಕೈ ಕೆಂಪಾಜಮ್ಮನವರ ಸೊಂಟ ಸೇರಿತು.

ಗುರುಮೂರ್ತಿ: ಅವ್ವಾ, ಅದು ಕಾರಿನ ಮನೆ! ಕಾರು ಏನಾಗ್ಬೇಕು?

ಕೆಂಪಾಜಮ್ಮ ಮೈಮೇಲಿನ ಕಂಬಳಿ ತೆಗೆದು ಬಾನೆಟ್ಟಿಗೆ ಹೊದಿಸಿದರು.

ಕೆಂಪಾಜಮ್ಮ: ಬೆಚ್ಚಗೆ ಮಲಗ್ಲಿ. ಸರಿಹೋಗುತ್ತೆ.

ಶೋಭಾರಾಣಿ: ಇರಿ ಅತ್ತೆ, ನಾನೂ ಬಂದೆ. ರೀ, ಇನ್ಮೇಲೆ ಅನ್ನಕ್ಕೆ ನೀವೇ ಇಟ್ಕೊಳ್ಳಿ.

ಕಂಬಳಿಯೊಳಗೆ ಎಂಜಿನ್ನು ಗೊರ್ರೆಂದು ನಿಂತೇಹೋಯಿತು. ಗುರುಮೂರ್ತಿ ಅವರಿಬ್ಬರನ್ನು ಹತ್ತಿಸಿಕೊಂಡು ಹೊರಟ ಜೀಪಿನ ಹಿಂದೆ ಓಡಿದ.

ಗುರುಮೂರ್ತಿ: ಅವ್ವಾ, ಅದು ಜಪಾನ್‌ದು! ಇಲ್ಲಿಯ ಗಾಳಿ ಅದಕ್ಕೆ ಒಗ್ಗಲ್ಲ!

ಕೆಂಪಾಜಮ್ಮ: ಹಂಗಾದ್ರೆ ಅಲ್ಲಿಗೇ ಕಳಿಸೋ ಮಗಾ. ಹುಟ್ಟಿದೂರಿನ ಗಾಳೀನೇ ಔಷಧಿ.