ಎಡಗಿವಿಗೊಂದು ಆಂಜಿಯೋಗ್ರಫಿ

ನಾನು ಹುಟ್ಟಾ ಪುಕ್ಕಲ. ಅದಕ್ಕೋ ಏನೋ, ಫಜೀತಿಗಳೆಲ್ಲ ನನ್ನ ವಿಳಾಸ ವಿಚಾರಿಸಿಕೊಂಡೇ ಬರುತ್ತವೆ. ಊರು ಉಡುಪಿ, ಮನೆ ಡೊಂಬಿವಲಿ, ಕೆಲಸ ಠಾಣೆಯ ಮಾಜಿವಾಡಾದ ಹೋಟೆಲೊಂದರ ಪಾರ್ಸೆಲ್ ಕೌಂಟರಿನಲ್ಲಿ. ಕಳೆದ ವರ್ಷದ ಫಜೀತಿ ಎಡಗಿವಿಯ ಕಡೆಯಿಂದ ಬಂತು.

ನೂರು ಶೀರಾ

ಎಡಗಿವಿ ಮಂದವಾಗುತ್ತಿರುವುದು ನನಗೇ ಗೊತ್ತಿರಲಿಲ್ಲ. ಕೌಂಟರಿನ ಗಲಾಟೆಯಲ್ಲಿ ಆ ಕಡೆಯಿಂದ ಯಾರು ಏನು ಹೇಳಿದರೂ ನಗುತ್ತ ಗೋಣು ಹಾಕುವುದು ಅಭ್ಯಾಸವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಸೊಸೈಟಿ ಸೆಕ್ರೆಟರಿಯೊಬ್ಬರು ರಿಕ್ಷಾ ನಿಲ್ಲಿಸಿ ಬಂದು, "ಪೂಜೆಗೆ ಹೇಳಿದ ನೂರು ಪೊಟ್ಟಣ ಶೀರಾ ಎಲ್ಲಿ?" ಎಂದರು.

"ಯಾವ ಶೀರಾ?" ಎಂದೆ.

"ಆಗುತ್ತದೆಯೇ ಎಂದು ಮೊನ್ನೆ ಮೂರು ಸಲ ಕೇಳಿದೆ. ಮೂರು ಸಲವೂ ಗೋಣು ಹಾಕಿದಿರಿ!"

ಅಂದು ಧಣಿಗಳು ನನ್ನ ಕೈಯಿಂದಲೇ ರವೆ ಹುರಿಸಿದರು. ಸೋಮವಾರ ತಾವೇ ಕಿವಿ ಡಾಕ್ಟರ ಬಳಿಗೂ ಅಟ್ಟಿದರು.

ಕಿಟಕಿ ಸೀಟು

ಎಂಆರ್‌ಐಯಲ್ಲಿ ಕೇಳುವ ನರದ ಹತ್ತಿರ ಗಂಟು ಕಂಡಿತು. ನರದ್ದಾದರೆ ತೆಗೆಯಬಹುದು, ರಕ್ತನಾಳದ್ದಾದರೆ ಕೈ ಹಾಕುವುದೇ ಅಪಾಯ. ಆಂಜಿಯೋಗ್ರಫಿ ಮಾಡಿ ತಲೆಯ ರಕ್ತನಾಳಗಳನ್ನು ನೋಡಿಬಿಡೋಣ ಎಂದರು ಡಾಕ್ಟರು.

ಆಂಜಿಯೋಗ್ರಫಿ ಎಂದದ್ದೇ ತಡ, ಎಲ್ಲರೂ ಹೃದಯದ್ದು ಎಂದುಕೊಂಡರು. ನಾನೂ ತಿದ್ದಲಿಲ್ಲ. ತಲೆಯೊಳಗೆ ಗಂಟು ಎಂದು ಬಾಯಿಬಿಟ್ಟು ಹೇಳಲು ನನಗೇ ಭಯ. ಹೋಟೆಲಿನ ಅಡುಗೆ ಭಟ್ಟರು ನನ್ನ ದೋಸೆಗೆ ಎಣ್ಣೆ ಹಾಕುವುದನ್ನೇ ನಿಲ್ಲಿಸಿದರು. ಲೋಕಲ್ ರೈಲಿನ ಗೆಳೆಯರು ಹತ್ತು ವರ್ಷದಲ್ಲಿ ಮೊದಲ ಬಾರಿ ಕಿಟಕಿ ಸೀಟು ಬಿಟ್ಟುಕೊಟ್ಟು, ಕೈಗೆ ಹಸಿ ಬೆಳ್ಳುಳ್ಳಿಯನ್ನೂ ಇಟ್ಟರು.

"ಕಿವಿಯದ್ದು ಅಂತ ಹೇಳಿ ಮಾರಾಯ್ರೆ!" ಎಂದು ಹೆಂಡತಿ ಗದರಿದಳು.

"ಹೇಳ್ತೇನೆ ಮಾರಾಯ್ತಿ. ಸೀಟು ಇನ್ನೆರಡು ದಿನ ಇರಲಿ."

ಪಾರ್ಸೆಲ್ ಗುರುತು

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ್ ಪಾರ್ಸೆಲಿನ ಮುಚ್ಚಳಕ್ಕೆ ನಾವು ಮಾರ್ಕರಿನಲ್ಲಿ ಗುರುತು ಹಾಕುತ್ತೇವೆ. ಹಾಕದಿದ್ದರೆ ಅದಲುಬದಲಾಗುವುದು ಗ್ಯಾರಂಟಿ. ಆಸ್ಪತ್ರೆಯವರು ಬಲಗಿವಿಗೆ ಕೈ ಹಾಕಿಬಿಟ್ಟರೆ? ನನಗೆ ಉಳಿದಿರುವುದೇ ಅದೊಂದು. ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿಯಿಂದ ಎಡಗಿವಿಯ ಕೆಳಗೆ ದೊಡ್ಡದೊಂದು ಅಡ್ಡಗೀಟು ಹಾಕಿಸಿಕೊಂಡೆ.

"ಕಾಕಾ, ಹೇ ಕಾಯ್?" ಇದೇನೆಂದು ಮರಾಠಿಯಲ್ಲಿ ಕೇಳಿದ ನರ್ಸ್, ಸ್ಪಿರಿಟ್ ಹಚ್ಚಿ ತಿಕ್ಕಿ ಗುರುತನ್ನು ಅಳಿಸಿಯೇಬಿಟ್ಟಳು. ಆಮೇಲೆ, ಸೂಜಿ ಹಾಕುವುದು ತೊಡೆಯ ಸಂದಿನಲ್ಲಿ, ಅಲ್ಲಿಂದ ನಳಿಗೆ ತಲೆಯವರೆಗೆ ಹೋಗುತ್ತದೆ ಎಂದು ಬಲತೊಡೆ ತೋರಿಸಿದಳು. ರೋಗ ಎಡಗಿವಿಗೆ, ಸೂಜಿ ಬಲತೊಡೆಗೆ! ಗುರುತು ಹಾಕಿಯೂ ಅದಲುಬದಲಾದ ಮೊದಲ ಪಾರ್ಸೆಲ್ ನಾನೇ ಇರಬೇಕು.

ಮೂರು ಸಲ

ಪರೀಕ್ಷೆಯ ಹೊತ್ತಿನಲ್ಲಿ ಔಷಧ ಹೋದಾಗ ತಲೆಯೊಳಗೆಲ್ಲ ಬಿಸಿ ಹರಿಯಿತು. ದೇವರ ಹೆಸರು ಒಂದೂ ನೆನಪಾಗಲಿಲ್ಲ. ಮುಗಿದ ಮೇಲೆ ವಾರ್ಡಿನಲ್ಲಿ ಕಾಲು ಮಡಚದೆ, ತಲೆ ಎತ್ತದೆ ಅಂಗಾತ ಮಲಗಬೇಕಿತ್ತು.

ಹೆಂಡತಿ ಚಹಾಕ್ಕೆ ಹೋಗಿದ್ದಳು. ಆಗ ನಾನು ಹಿಂದೆ ನೋಡಿರದ ಕಿರಿಯ ಡಾಕ್ಟರೊಬ್ಬರು ಬಂದು ಎಡಗಡೆ ನಿಂತು, ಮಾಸ್ಕಿನೊಳಗಿಂದಲೇ ಬಹಳ ಹೊತ್ತು ಮಾತಾಡಿದರು. ಒಂದಕ್ಷರ ಕೇಳಿಸಲಿಲ್ಲ. ಹಾಳು ಅಭ್ಯಾಸ, ನಗುತ್ತ ಗೋಣು ಹಾಕಿದೆ. ಅವರು ಭುಜ ತಟ್ಟಿ ಹೋದರು. ಆ ತಟ್ಟಿದ್ದೇ ನನ್ನ ಜೀವ ಹಿಂಡಿತು. ಒಳ್ಳೆಯ ಸುದ್ದಿಗೆ ಯಾರಾದರೂ ಭುಜ ತಟ್ಟುತ್ತಾರೆಯೇ?

ಹೆಂಡತಿ ಬಂದಳು. "ಡಾಕ್ಟ್ರು ಬಂದ್ರಾ? ಎಂತ ಹೇಳಿದ್ರು?"

"ಎಲ್ಲ ಹೇಳಿದ್ರು."

"ಎಲ್ಲ ಅಂದ್ರೆ ಎಂತ?"

"ಗೊತ್ತಿಲ್ಲ. ನಾನು ಗೋಣು ಹಾಕಿದೆ, ಅವರು ಭುಜ ತಟ್ಟಿದ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಶುರು ಮಾಡಿದೆ. ಪಕ್ಕದ ಹಾಸಿಗೆಯಲ್ಲಿ ರಬಾಳೆಯ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುವ ವಿಜಯಪುರದವರೊಬ್ಬರಿದ್ದರು. ಅವರು ತಡೆಯಲಾರದೆ ಎದ್ದು ಕೂತರು.

"ಯಾಕ ಅಳ್ತೀರಿ ಅಕ್ಕಾರ? ನಾ ಎಲ್ಲಾ ಕೇಳೀನಿ. ಗಂಟು ರಕ್ತನಾಳದ್ದಲ್ಲಂತ, ನರದ್ದಂತ. ತೆಗೀಬಹುದಂತ. ಜೀವಕ್ಕ ಭಯ ಇಲ್ಲಂತ."

ಹೆಂಡತಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವಾರಗಟ್ಟಲೆ ಎದೆಯ ಮೇಲೆ ಕೂತಿದ್ದ ಭಯ ಇಳಿದು, ನನಗೆ ಮತ್ತೆ ಅಳು ಬಂತು.

"ಅಷ್ಟಕ್ಕೇ ಇವರು ಗೋಣು ಹಾಕಿದ್ದಾ?" ಎಂದು ಅವಳು ಅವರನ್ನು ಕೇಳಿದಳು.

"ಅಷ್ಟಕ್ಕಲ್ರೀ. 'ಸೋಮವಾರನ ತಲಿ ಆಪರೇಷನ್ ಮಾಡಿಬಿಡೂಣೇನು?' ಅಂತ ಮೂರು ಸಲ ಕೇಳಿದ್ರು. ಇವರು ಮೂರು ಸಲಾನೂ ನಕ್ಕೋತ ಗೋಣು ಹಾಕಿದ್ರು. 'ಇಂಥಾ ಧೈರ್ಯದ ಮನಶಾನ್ನ ನಾ ನೋಡೇ ಇಲ್ಲ' ಅಂತ ಭುಜ ತಟ್ಟಿ ಹೋದ್ರ್ ನೋಡ್ರಿ!"